ಹಕ್ಕಿಗಳಿಗಾಗಿ ಕೂತ ಕಾವಲು

ಜೋಳದ ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ನಮ್ಮ ಹೊಲಗಳಲ್ಲಿ ನಡೆಯುವ ಕೆಲಸವನ್ನು ನೀವೆಲ್ಲರೂ ಬಲ್ಲಿರಿ. ಹೊಲದ ನಡುವೆ ಅಟ್ಟಣೆಯನ್ನು ಕಟ್ಟಿ, ಅದರ ಮೇಲೆ ಒಬ್ಬ ಹುಡುಗನನ್ನು ಕೂಡ್ರಿಸಿ, ಅವನ ಕೈಗೆ ಕವಣೆಯನ್ನು ಕೊಡುತ್ತೇವೆ. ಅವನು ಬೆಳಗಿನಿಂದ ಸಂಜೆಯ ವರೆಗೆ ಕೂಗಿ, ಕಲ್ಲು ಬೀಸಿ, ಹಕ್ಕಿಗಳನ್ನು ಓಡಿಸುತ್ತಾನೆ. ಇದು ತಪ್ಪಲ್ಲ, ತೆನೆ ಉಳಿಯದಿದ್ದರೆ ಮನೆಯವರ ಹೊಟ್ಟೆಗೆ ಏನೂ ಇರದು. ಆದರೆ ಹಕ್ಕಿಗಳನ್ನು ಓಡಿಸುವದಕ್ಕಲ್ಲ, ಅವುಗಳನ್ನು ಉಳಿಸುವದಕ್ಕೋಸ್ಕರವೇ ಜನರು ಕಾವಲು ಕೂತ ಒಂದು ಸೀಮೆಯು ಭೂಮಿಯ ಮೇಲೆ ಉಂಟು. ಈ ತಿಂಗಳಿನ ಪಾಠದಲ್ಲಿ ಆ ಸೀಮೆಯನ್ನೂ ಆ ಕಾವಲನ್ನೂ ಕುರಿತು ನಾವು ಕಲಿಯುವ.

1. ಸೀಮೆಯೂ ಅದರ ಜನರೂ

ಯೂರೋಪ್ ಖಂಡದ ಉತ್ತರದ ಅಂಚಿನಲ್ಲಿ ನಾರ್ವೆ ಎಂಬ ದೇಶವಿದೆ. ಅದರ ಪಡುವಣ ಕರಾವಳಿಯಲ್ಲಿ, ಉತ್ತರ ಧ್ರುವವೃತ್ತಕ್ಕೆ ಸ್ವಲ್ಪ ದಕ್ಷಿಣದಲ್ಲಿ, ವೇಗಾ ಎಂಬ ದ್ವೀಪವುಂಟು. ಅದರ ಸುತ್ತಲೂ ಸಾವಿರಾರು ಚಿಕ್ಕ ದ್ವೀಪಗಳೂ ಬಂಡೆಗಳೂ ಕಡಲಿನಲ್ಲಿ ಚದರಿಕೊಂಡಿವೆ. ಅವುಗಳಲ್ಲಿ ಅನೇಕವು ನಮ್ಮ ಒಂದು ಹೊಲದಷ್ಟು ಸಹ ಅಗಲವಿಲ್ಲ. ಚಳಿಗಾಲದಲ್ಲಿ ಅಲ್ಲಿ ಬಿರುಗಾಳಿ ಬೀಸುವದು, ಹಗಲು ಬಹಳ ಕಿರಿದಾಗುವದು. ಬೇಸಿಗೆಯಲ್ಲಿಯಾದರೋ ನಡುರಾತ್ರಿಯಲ್ಲಿಯೂ ಬೆಳಕು ಇರುವದು.

ಇಂಥಾ ಬಡ ನೆಲದಲ್ಲಿ ಜನರು ಸುಮಾರು 1500 ವರುಷಗಳಿಂದ ಮೀನು ಹಿಡಿಯುತ್ತಾ, ಸ್ವಲ್ಪ ಬೇಸಾಯ ಮಾಡುತ್ತಾ, ಕೆಲವು ದನ ಕುರಿಗಳನ್ನು ಸಾಕುತ್ತಾ ಬಾಳಿದ್ದಾರೆ. ಗಂಡಸರು ದೂರದ ಕಡಲಿಗೆ ದೋಣಿಗಳಲ್ಲಿ ಹೋದಾಗ ಮನೆಯೂ ದನವೂ ಹೆಂಗಸರ ಕೈಯಲ್ಲಿ ಉಳಿಯುತ್ತಿದ್ದವು. ಇವುಗಳೊಡನೆ ಮೂರನೆಯ ಒಂದು ಭಾರವೂ ಹೆಚ್ಚಾಗಿ ಅವರ ಮೇಲೆಯೇ ಇತ್ತು. ಅದು ಯಾವದಂದರೆ, ಹಕ್ಕಿಗಳ ಕಾವಲು.

2. ಹಕ್ಕಿಯ ಸ್ವಭಾವ

ಆ ಹಕ್ಕಿಯ ಹೆಸರು ಈಡರ್. ಅದು ಒಂದು ಜಾತಿಯ ಸಮುದ್ರಬಾತು. ಸುಮಾರು 2 ಕಿಲೋ ತೂಗುವದು. ಗಂಡು ಬಿಳಿ ಕಪ್ಪು ಬಣ್ಣದಿಂದ ಎದ್ದು ಕಾಣುವದು. ಹೆಣ್ಣಾದರೋ ಒಣಗಿದ ಪಾಚಿಯ ಹಾಗೆ ಕಂದುಬಣ್ಣದ್ದಾಗಿ, ಗೂಡಿನಲ್ಲಿ ಕೂತರೆ ಹತ್ತಿರ ಹೋದವನ ಕಣ್ಣಿಗೂ ಬೀಳದು. ಕಡಲಿನಲ್ಲಿ ಮುಳುಗಿ ಚಿಪ್ಪಿನ ಜೀವಿಗಳನ್ನೂ ಏಡಿಗಳನ್ನೂ ತಿನ್ನುವದು ಅದರ ಜೀವನ.

ಮೊಟ್ಟೆ ಇಡುವ ಕಾಲ ಬಂದಾಗ ತಾಯಿಹಕ್ಕಿಯು ನೆಲದ ಮೇಲೆ ಗೂಡು ಮಾಡಿ, ತನ್ನ ಎದೆಯ ಮೆತ್ತನೆಯ ತುಪ್ಪುಳನ್ನು ಕೊಕ್ಕಿನಿಂದ ತಾನೇ ಕಿತ್ತು ಗೂಡಿನಲ್ಲಿ ಹಾಸುವದು. ನಮ್ಮ ಕೋಳಿಯು 21 ದಿವಸ ಕಾವು ಕೂಡ್ರುವದು. ಈಡರ್ ಸುಮಾರು 25 ದಿವಸ ಕೂಡ್ರುವದು. ಈ ದಿವಸಗಳಲ್ಲೆಲ್ಲಾ ಅದು ತಿನ್ನುವದು ಏನೂ ಇಲ್ಲವೆನ್ನಬಹುದು. ಮರಿಗಳು ಒಡೆದು ಬಂದ ಮೇಲೆ, ಮೈ ಒಣಗುತ್ತಲೇ, ಅವುಗಳನ್ನು ಕಡಲಿಗೆ ಕರಕೊಂಡು ಹೋಗುವದು. ತುಪ್ಪುಳು ಮಾತ್ರ ಗೂಡಿನಲ್ಲಿ ಉಳಿಯುವದು.

ಈ ತುಪ್ಪುಳಿನಷ್ಟು ಹಗುರವಾಗಿಯೂ ಬೆಚ್ಚಗೂ ಇರುವ ವಸ್ತು ಬಹಳ ಅಪೂರ್ವ. ಆದದರಿಂದ ಪೂರ್ವಕಾಲದಿಂದಲೂ ಅದಕ್ಕೆ ದೊಡ್ಡ ಬೆಲೆಯುಂಟು. 9ನೇ ಶತಮಾನದ ಕೊನೆಯಲ್ಲಿ ನಾರ್ವೆಯ ಉತ್ತರ ಸೀಮೆಯ ಓಟಾರ್ ಎಂಬ ಮುಖ್ಯಸ್ಥನು ಇಂಗ್ಲಂಡಿನ ಅರಸನಾದ ಆಲ್ಫ್ರೆಡನಿಗೆ ತನ್ನ ದೇಶದ ಸಂಗತಿಗಳನ್ನು ಹೇಳುವಾಗ, ತನಗೆ ಸಲ್ಲುವ ಕಪ್ಪದಲ್ಲಿ ಹಕ್ಕಿಯ ಗರಿಗಳೂ ಇದ್ದವೆಂದು ತಿಳಿಸಿದನು.

3. ಕಾವಲಿನ ಕ್ರಮ

ಈ ಹಕ್ಕಿಯನ್ನು ಯಾರೂ ಹಿಡಿದು ತಂದು ಸಾಕುವದಿಲ್ಲ. ಅದು ಕಡಲಿನ ಹಕ್ಕಿ. ತಾನಾಗಿ ಬರುವದು, ತಾನಾಗಿ ಹೋಗುವದು. ಜನರು ಮಾಡುವದೇನಂದರೆ, ಅದು ಬರುವದಕ್ಕೆ ಮುಂಚೆ ಸ್ಥಳವನ್ನು ಸಿದ್ಧಮಾಡುವದೇ. ದಡಕ್ಕೆ ಬಿದ್ದ ಕಡಲಪಾಚಿಯನ್ನು ಕೂಡಿಸಿ, ಹುಲ್ಲನ್ನು ಒಣಗಿಸುವ ಹಾಗೆ ಹರವಿ, ಮಗುಚಿ ಒಣಗಿಸುತ್ತಾರೆ. ಕಲ್ಲಿನಿಂದಲೂ ತೇಲಿಬಂದ ಹಲಿಗೆಗಳಿಂದಲೂ ಮೊಣಕಾಲೆತ್ತರದ ಚಿಕ್ಕ ಮನೆಗಳನ್ನು ಕಟ್ಟುತ್ತಾರೆ. ಹಳೇ ದೋಣಿಯನ್ನು ಬೋರಲು ಹಾಕಿ ಅದರ ಕೆಳಗೂ ಎಡೆಮಾಡುತ್ತಾರೆ. ಒಳಗೆ ಒಣಪಾಚಿಯಿಂದ ಗೂಡುಗಳನ್ನು ಮಾಡಿಟ್ಟು, ವಸಂತಕಾಲದಲ್ಲಿ ಹಕ್ಕಿಗಳ ದಾರಿಯನ್ನು ನೋಡುತ್ತಾರೆ.

ಹಕ್ಕಿಗಳು ಕಡಲಿನಿಂದ ಹತ್ತಿ ಬಂದ ಮೇಲೆ ಊರೆಲ್ಲಾ ಮೆಲ್ಲಗಾಗುವದು. ಮಕ್ಕಳು ಕೂಗಿ ಓಡಾಡಕೂಡದು. ಗದ್ದಲದ ಕೆಲಸ ಯಾವದೂ ನಡೆಯಕೂಡದು. ಪರರು ಕಾರಣವಿಲ್ಲದೆ ದ್ವೀಪಕ್ಕೆ ಇಳಿಯಕೂಡದು. ಕಾಯುವವರು ದಿನಾಲೂ ಅದೇ ದಾರಿಯಿಂದ ನಿಧಾನವಾಗಿ ನಡೆದು ಗೂಡುಗಳನ್ನು ವಿಚಾರಿಸಿ, ಕಡಲಕಾಗೆ, ಹದ್ದು, ನೀರುನಾಯಿ ಇವುಗಳನ್ನು ದೂರಮಾಡುತ್ತಾರೆ. ಕಾಲಕ್ರಮದಲ್ಲಿ ಹಕ್ಕಿಯು ತನ್ನನ್ನು ಕಾಯುವವಳ ಗುರುತು ಹಿಡಿದು, ಅವಳು ಹತ್ತಿರ ಬಂದರೂ ಏಳದೆ ಕೂಡ್ರುವದು. ತಾಯಿಯೂ ಮರಿಗಳೂ ಕಡಲಿಗೆ ಇಳಿದ ತರುವಾಯವೇ ತುಪ್ಪುಳನ್ನು ಕೂಡಿಸುತ್ತಾರೆ. ಆ ಮೇಲೆ ಅದನ್ನು ಒಣಗಿಸಿ, ತಂತಿ ಬಿಗಿದ ಒಂದು ಚೌಕಟ್ಟಿನ ಮೇಲೆ ತಿಕ್ಕಿ, ಪಾಚಿಯ ಚೂರುಗಳನ್ನೂ ಕಸವನ್ನೂ ಉದುರಿಸಿ ಶುದ್ಧಮಾಡುತ್ತಾರೆ. ಒಂದು ಕಿಲೋ ಶುದ್ಧವಾದ ತುಪ್ಪುಳಿಗೆ 60ರಿಂದ 70 ಗೂಡುಗಳು ಬೇಕು. ಅಷ್ಟು ತಾಯಿಗಳು ಸುಖವಾಗಿ ಮರಿಮಾಡಿ ಹೋಗದೆ ಒಂದು ಹೊದಿಕೆಯೂ ಆಗದು.

4. ಕಾವಲು ತಪ್ಪಿದಾಗ

ಈಗ ಈ ಪಾಠದ ದುಃಖಕರವಾದ ಭಾಗಕ್ಕೆ ಬಂದೆವು. 1945ರಲ್ಲಿ ಮಹಾಯುದ್ಧವು ಮುಗಿದ ತರುವಾಯದ ದಶಕಗಳಲ್ಲಿ ಹೊರಗಣ ದ್ವೀಪಗಳ ಕುಟುಂಬಗಳು ಒಂದೊಂದಾಗಿ ಮನೆಗಳನ್ನು ಬಿಟ್ಟವು. ಅಲ್ಲಿ ಶಾಲೆ, ರಸ್ತೆ, ವೈದ್ಯರು ಹತ್ತಿರವಿರಲಿಲ್ಲ. ಸ್ಥಳ ಬಿಡುವವರಿಗೆ ಸರಕಾರವೂ ಹಣದ ಸಹಾಯ ಕೊಟ್ಟಿತು. ಅವರನ್ನು ನಾವು ದೂರಲಾರೆವು. ಮಕ್ಕಳ ವಿದ್ಯೆಗೋಸ್ಕರ ಊರು ಬಿಟ್ಟವರು ನಮ್ಮಲ್ಲಿಯೂ ಇಲ್ಲವೇ?

ಆದರೆ ಹಕ್ಕಿಗಳ ಮನೆಗಳು ಕುಸಿದವು; ಒಣಪಾಚಿ ಹಾಸುವವರು ಇಲ್ಲವಾದರು. ಇದಲ್ಲದೆ ಮಿಂಕ್ ಎಂಬ, ಮುಂಗುಸಿಯನ್ನು ಹೋಲುವ ಒಂದು ಪ್ರಾಣಿಯನ್ನು ತುಪ್ಪುಳುಚರ್ಮದ ವ್ಯಾಪಾರಕ್ಕೋಸ್ಕರ ಹಿಂದೆ ಅಮೇರಿಕದಿಂದ ಆ ದೇಶಕ್ಕೆ ತಂದಿದ್ದರು. ಅದು ಸಾಕುವವರ ಕೈಯಿಂದ ತಪ್ಪಿಸಿಕೊಂಡು ಕರಾವಳಿಯಲ್ಲೆಲ್ಲಾ ಹಬ್ಬಿ, ಈಜಿ ದ್ವೀಪಗಳನ್ನು ಸೇರಿ, ಗೂಡಿನಲ್ಲಿದ್ದ ಹಕ್ಕಿಗಳನ್ನು ಕೊಂದಿತು. ಹಿಂದೆ ಸಾವಿರಕ್ಕಿಂತ ಹೆಚ್ಚು ಗೂಡುಗಳಿದ್ದ ಲೋನನ್ ಎಂಬ ಸ್ಥಳದಲ್ಲಿಯೂ ಹಕ್ಕಿಗಳು ಕಡಿಮೆಯಾದವು. ಮನುಷ್ಯರು ಹೋದರೆ ಹಕ್ಕಿಗಳಿಗೆ ನೆಮ್ಮದಿಯೆಂದು ನಾವು ನೆನಸುವದುಂಟು. ಇಲ್ಲಿ ಮನುಷ್ಯರು ಹೋದದ್ದರಿಂದಲೇ ಹಕ್ಕಿಗಳಿಗೆ ಆಶ್ರಯ ತಪ್ಪಿತು.

ಆದರೂ ಆ ವಿದ್ಯೆಯು ಸಂಪೂರ್ಣವಾಗಿ ಅಳಿಯಲಿಲ್ಲ. ಕೆಲವು ಕುಟುಂಬದವರು ವಸಂತಕಾಲದಲ್ಲಿ ತಮ್ಮ ಹಿರಿಯರ ದ್ವೀಪಗಳಿಗೆ ತಿರಿಗಿ ಹೋಗಿ ಮನೆಗಳನ್ನು ದುರಸ್ತುಮಾಡಿ ಕಾವಲು ಕೂಡ್ರುತ್ತಾರೆ. 2004ರಲ್ಲಿ ಯುನೆಸ್ಕೋ ಸಂಸ್ಥೆಯು ಈ ದ್ವೀಪಸಮೂಹವನ್ನು ಲೋಕದ ಪರಂಪರೆಯ ಸ್ಥಳಗಳ ಪಟ್ಟಿಯಲ್ಲಿ ಸೇರಿಸಿ, ಈ ಕೆಲಸದಲ್ಲಿ ಹೆಂಗಸರು ಪಟ್ಟ ಪ್ರಯಾಸವನ್ನು ವಿಶೇಷವಾಗಿ ಗೌರವಿಸಿತು. ಆದರೆ ಕಾವಲೊಂದೇ ಸಾಲದು. ಕಡಲಿನಲ್ಲಿ ಆಹಾರ ಕಡಿಮೆಯಾದರೆ, ಮೀನಿನ ಬಲೆಯಲ್ಲಿ ಹಕ್ಕಿಗಳು ಸಿಕ್ಕಿ ಸತ್ತರೆ, ದಡದಲ್ಲಿ ಕೂತು ಕಾಯುವವರು ಏನು ಮಾಡಿಯಾರು? ನಾರ್ವೆಯವರು 2021ರಲ್ಲಿ ಮಾಡಿದ ಪಟ್ಟಿಯಲ್ಲಿ ಈಡರ್ ಹಕ್ಕಿಯು ಅಪಾಯದಲ್ಲಿರುವ ಜಾತಿಗಳೊಳಗೆ ಸೇರಿದೆ.

5. ನಾವು ಕಲಿಯತಕ್ಕದ್ದು

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಹಕ್ಕಿಯ ಗೂಡನ್ನು ಕುರಿತು ಒಂದು ಚಿಕ್ಕ ಕಟ್ಟಳೆಯುಂಟು. ಗೂಡನ್ನು ಕಂಡವನು ಮರಿಗಳ ಸಂಗಡ ತಾಯಿಯನ್ನೂ ಹಿಡಿಯಬಾರದೆಂಬದೇ ಅದರ ತಾತ್ಪರ್ಯ. ವೇಗಾದ ಹೆಂಗಸರು ತಾಯಿ ಮರಿಗಳನ್ನು ಕಳುಹಿಸಿಕೊಟ್ಟು, ಅವು ಬಿಟ್ಟುಹೋದದ್ದನ್ನು ಮಾತ್ರ ತಕ್ಕೊಂಡರು. ಅದನ್ನೂ ಬರಿಗೈಯಿಂದ ತಕ್ಕೊಳ್ಳಲಿಲ್ಲ. ಮೊದಲು ಮನೆ ಕಟ್ಟಿಕೊಟ್ಟರು, ಹಾಸಿಗೆ ಹಾಸಿದರು, ಕಾದರು. ಲಾಭಕ್ಕಿಂತ ಮುಂಚೆ ಸೇವೆ ನಡೆಯಿತು. ಆದಕಾರಣ ಆ ಲಾಭವು ನೂರಾರು ವರುಷ ಬಾಳಿತು.

ನಮ್ಮ ಊರಿನ ಕೆರೆಯ ಬಳಿಯ ಮರದಲ್ಲಿ ಕೊಕ್ಕರೆಗಳು ಗೂಡು ಕಟ್ಟುವದುಂಟು. ಆ ಮರವನ್ನು ಕಡಿಯುವದಕ್ಕೆ ಮುಂಚೆ ಮರಿಗಳು ಹಾರಿಹೋಗುವ ವರೆಗಾದರೂ ತಾಳಬಹುದಲ್ಲವೇ? ಅಟ್ಟಣೆಯ ಮೇಲಿನ ಹುಡುಗನು ಕೊಯ್ಲಾದ ಮೇಲೆ ಕವಣೆಯನ್ನು ಕೆಳಗಿಡಲಿ. ಹೊಲವನ್ನು ಕಾಯಬಲ್ಲ ಕಣ್ಣು ಗೂಡನ್ನೂ ಕಾಯಬಲ್ಲದು.

ಮನೆಯವರು ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ವೇಗಾದವರು ತುಪ್ಪುಳನ್ನು ಯಾವಾಗ ಕೂಡಿಸುತ್ತಾರೆ? ಯಾಕೆ?
2. ಜನರು ದ್ವೀಪಗಳನ್ನು ಬಿಟ್ಟ ಮೇಲೆ ಹಕ್ಕಿಗಳು ಕಡಿಮೆಯಾದದ್ದು ಯಾವ ಕಾರಣಗಳಿಂದ?
3. ನಮ್ಮ ಊರಿನಲ್ಲಿ ಯಾವ ಯಾವ ಹಕ್ಕಿಗಳು ಗೂಡು ಕಟ್ಟುತ್ತವೆ? ಯಾವ ತಿಂಗಳಲ್ಲಿ? ಮಕ್ಕಳು ನೋಡಿ ಬಂದು ಹಿರಿಯರಿಗೆ ತಿಳಿಸಲಿ.