ನಮ್ಮ ವಿಡಿಯೋ, ನಮ್ಮ ಕೈಯಲ್ಲೇ ಎಡಿಟಿಂಗ್



ಮೊಬೈಲ್ ಬಂದ ಮೇಲೆ ಸಂಘಗಳಲ್ಲಿ ವಿಡಿಯೋ ತೆಗೆಯುವುದು ಹೊಸ ವಿಷಯವಲ್ಲ. ವಾರ್ಷಿಕೋತ್ಸವ, ಉಪ್ಪಿನಕಾಯಿ ತಯಾರಿ, ಗ್ರಾಮಸಭೆ ಎಲ್ಲವನ್ನೂ ತೆಗೀತೇವೆ. ಆದರೆ ತೆಗೆದದ್ದು ಫೋನಿನಲ್ಲೇ ಉಳೀತದೆ. ನಾಲ್ಕು ಜನ ಕೂತು ನೋಡುವಂಥ ಚಿತ್ರ ಆಗಬೇಕಾದರೆ ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಿ, ಮಾತು ಸ್ಪಷ್ಟವಾಗಿ ಕೇಳುವಂತೆ ಮಾಡಬೇಕು. ಇದೇ ಎಡಿಟಿಂಗ್.

ಹೆಚ್ಚಿನವರು ಈ ಕೆಲಸವನ್ನು ಸ್ಟುಡಿಯೋದವರಿಗೆ ಕೊಡ್ತಾರೆ. ಹಣ ಹೋಗ್ತದೆ ಎಂಬುದು ಒಂದು ಮಾತು. ಯಾರ ಮಾತು ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನವೂ ಅವರ ಕೈಗೆ ಹೋಗ್ತದೆ ಎಂಬುದು ಅದಕ್ಕಿಂತ ದೊಡ್ಡ ಮಾತು. ಒಬ್ಬ ಸದಸ್ಯೆ ಸಾಲ ತೆಗೆದು ಹಸು ಕೊಂಡದ್ದು, ಹಸು ಸತ್ತದ್ದು, ವಿಮೆ ಹಣಕ್ಕೆ ಅಲೆದದ್ದು ಎಲ್ಲವನ್ನೂ ಹತ್ತು ನಿಮಿಷ ಹೇಳಿದ್ದಾಳೆ ಅಂತಿಟ್ಟುಕೊಳ್ಳಿ. ಕೊನೆಗೆ ಚಿತ್ರದಲ್ಲಿ ಉಳಿಯುವುದು “ಸಂಘದಿಂದ ತುಂಬಾ ಉಪಕಾರವಾಯಿತು” ಎಂಬ ಒಂದೇ ವಾಕ್ಯ!

ಹೆಂಗಸರಿಂದ ಇದೆಲ್ಲ ಆಗ್ತದಾ ಅಂತ ಕೇಳುವವರು ಬೀದರಿನ ಗಡಿ ದಾಟಿ ನೋಡಲಿ. ತೆಲಂಗಾಣದ ಜಹೀರಾಬಾದ್ ಹತ್ತಿರದ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳ ದಲಿತ ಮಹಿಳೆಯರು ಚಿತ್ರ ತೆಗೆಯಲು ಕಲಿತರು. 2001ರಲ್ಲಿ ಅವರ ಸಮುದಾಯ ಮಾಧ್ಯಮ ಟ್ರಸ್ಟ್ ಆಯಿತು. ಅವರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಇದ್ದರು. ವಾರಂಗಲ್‌ನಲ್ಲಿ ಬಿಟಿ ಹತ್ತಿ ಬೆಳೆದವರ ನಷ್ಟವನ್ನು ಮೂರು ವರ್ಷ ಹಿಂಬಾಲಿಸಿ 2005ರಲ್ಲಿ ಚಿತ್ರ ಹೊರತಂದರು. ಆ ಕಾಲದಲ್ಲಿ ಸಲಕರಣೆ ದುಬಾರಿ. ಈಗ ಒಳ್ಳೆಯ ತಂತ್ರಾಂಶಗಳೇ ಹಣ ಕೊಡದೆ ಸಿಗ್ತವೆ.

ಡಾವಿಂಚಿ ರಿಸಾಲ್ವ್ ಸಿನಿಮಾದವರು ಬಳಸುವ ತಂತ್ರಾಂಶ. ಮೊದಲು ಅದು ಲಕ್ಷಗಟ್ಟಲೆ ಡಾಲರ್ ಬೆಲೆಯ ಯಂತ್ರದ ಜೊತೆಗೆ ಬರುತ್ತಿತ್ತು. ಆಸ್ಟ್ರೇಲಿಯಾದ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಕಂಪನಿ 2009ರಲ್ಲಿ ಅದನ್ನು ಕೊಂಡು, 2011ರಲ್ಲಿ ಉಚಿತ ಆವೃತ್ತಿಯನ್ನೂ ಹೊರತಂದಿತು. ಕತ್ತರಿಸುವುದು, ಬಣ್ಣ, ಧ್ವನಿ ಎಲ್ಲವೂ ಈಗ ಅದರಲ್ಲಿದೆ. ಕಂಪನಿ ಇದನ್ನು ಧರ್ಮಕ್ಕೆ ಕೊಡುವುದಲ್ಲ. ಅವರು ಕ್ಯಾಮರಾ ಮಾರುವವರು, ಹೆಚ್ಚಿನ ಸೌಲಭ್ಯದ ಸ್ಟುಡಿಯೋ ಆವೃತ್ತಿಗೆ ಹಣ ತಗೊಳ್ತಾರೆ. ಇದಕ್ಕೆ 16 ಜಿಬಿ ರ‍್ಯಾಮ್ ಮತ್ತು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬೇಕು. ಸಂಘದ ಲೆಕ್ಕ ಬರೆಯುವ ಹಳೆ ಕಂಪ್ಯೂಟರಿನಲ್ಲಿ ಇದು ಓಡುವುದಿಲ್ಲ. ಇದಕ್ಕೋಸ್ಕರ ಸಾಲ ಮಾಡಿ ಹೊಸ ಕಂಪ್ಯೂಟರ್ ಕೊಳ್ಳುವುದು ಬೇಡವೇ ಬೇಡ.

ನಮಗೆ ಹೊಂದುವುದು ಶಾಟ್‌ಕಟ್ ಅಥವಾ ಕೆಡೆನ್‌ಲೈವ್. ಇವು ಮುಕ್ತ ತಂತ್ರಾಂಶಗಳು. ಬರೀ ಉಚಿತಕ್ಕೂ ಮುಕ್ತಕ್ಕೂ ವ್ಯತ್ಯಾಸ ಉಂಟು. ಕಂಪನಿ ಈ ವರ್ಷ ಬೀಜ ಪುಕ್ಕಟೆ ಕೊಟ್ಟರೂ ಮುಂದಿನ ವರ್ಷ ಕೊಡುವುದು ಬಿಡುವುದು ಅವರ ಮರ್ಜಿ. ಮನೆಯಲ್ಲಿ ತೆಗೆದಿಟ್ಟ ನಾಟಿ ಬೀಜ ಹಾಗಲ್ಲ, ಪಕ್ಕದ ಮನೆಯವಳಿಗೂ ಕೊಡಬಹುದು. ಮುಕ್ತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿ ಪಕ್ಕದ ಊರಿನ ಸಂಘಕ್ಕೆ ಕೊಟ್ಟರೂ ಕಾನೂನು ತಪ್ಪಲ್ಲ. ಕಂಪ್ಯೂಟರ್ ನಿಧಾನವಾದರೆ ಇವೆರಡರಲ್ಲೂ ‘ಪ್ರಾಕ್ಸಿ’ ಎಂಬ ಆಯ್ಕೆ ಇದೆ. ಕೆಲಸ ಮಾಡಲು ವಿಡಿಯೋದ ಸಣ್ಣ ಪ್ರತಿ ಬಳಸಿ, ಕೊನೆಗೆ ಚಿತ್ರ ತೆಗೆಯುವಾಗ ಮೂಲ ವಿಡಿಯೋವನ್ನೇ ಬಳಸ್ತದೆ.

ಇನ್ನು ಧ್ವನಿ. ಚಿತ್ರ ಸ್ವಲ್ಪ ಅಲುಗಾಡಿದರೂ ಜನ ನೋಡ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗ್ತಾರೆ. ಆದ್ದರಿಂದ ಇನ್ನೊಂದು ಫೋನಿನಲ್ಲಿ ಧ್ವನಿ ಮಾತ್ರ ರೆಕಾರ್ಡ್ ಮಾಡಲು ಹಾಕಿ, ಮಾತಾಡುವವರ ಹತ್ತಿರವೇ ಇಡಿ. ಎರಡೂ ಫೋನ್ ಶುರುವಾದ ಮೇಲೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ; ಆ ಚಪ್ಪಾಳೆಯನ್ನು ನೋಡಿಕೊಂಡು ಆಮೇಲೆ ಎರಡನ್ನೂ ಹೊಂದಿಸಬಹುದು. ಮಾತು ಶುರು ಮಾಡುವ ಮೊದಲು ಹತ್ತು ಸೆಕೆಂಡ್ ಎಲ್ಲರೂ ಸುಮ್ಮನಿರಬೇಕು. ಯಾಕೆ ಅಂದರೆ, ಫ್ಯಾನಿನ ಗುಂಯ್ ಎನ್ನುವ ಸದ್ದನ್ನು ತೆಗೆಯಲು ಅದೇ ಮೌನ ಬೇಕಾಗ್ತದೆ.

ಸದ್ದು ತೆಗೆಯುವುದು ಆಡಾಸಿಟಿ ಎಂಬ ಮುಕ್ತ ತಂತ್ರಾಂಶದಲ್ಲಿ. ಇದು 2000ದಿಂದ ಜನರ ಕೈಯಲ್ಲಿದೆ. ಮೊದಲು ಶಾಟ್‌ಕಟ್‌ನಲ್ಲಿ ಧ್ವನಿಯನ್ನು ಮಾತ್ರ ವೇವ್ ಫೈಲ್ ಆಗಿ ಹೊರತೆಗೆದು ಆಡಾಸಿಟಿಯಲ್ಲಿ ತೆರೆಯಿರಿ. ಆ ಹತ್ತು ಸೆಕೆಂಡಿನ ಭಾಗವನ್ನು ಮಾತ್ರ ಗುರುತಿಸಿ, ‘ನಾಯ್ಸ್ ರಿಡಕ್ಷನ್’ಗೆ ಹೋಗಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ತೆಗೆಯಬೇಕಾದ ಸದ್ದು ಯಾವುದು ಅಂತ ತೋರಿಸಿಕೊಟ್ಟ ಹಾಗಾಯಿತು. ಆಮೇಲೆ ಇಡೀ ಧ್ವನಿಯನ್ನು ಗುರುತಿಸಿ ಪುನಃ ಅಲ್ಲಿಗೇ ಹೋಗಿ ಓಕೆ ಕೊಡಿ. ಆಸೆ ಜಾಸ್ತಿ ಬೇಡ. ತುಂಬಾ ತೆಗೆದರೆ ಮಾತು ತಗಡಿನ ಡಬ್ಬಿಯೊಳಗಿಂದ ಬಂದ ಹಾಗೆ ಕೇಳ್ತದೆ.

ಕೆಲವು ಎಚ್ಚರಿಕೆಗಳು. ಎಡಿಟಿಂಗ್ ಪ್ರಾಜೆಕ್ಟ್ ಫೈಲಿನೊಳಗೆ ವಿಡಿಯೋ ಇರುವುದಿಲ್ಲ, ವಿಡಿಯೋ ಎಲ್ಲಿದೆ ಎಂಬ ವಿಳಾಸ ಮಾತ್ರ ಇರ್ತದೆ. ಜಾಗ ಮಾಡಲು ಮೂಲ ವಿಡಿಯೋ ಅಳಿಸಿದರೆ ಅಷ್ಟು ದಿನದ ಕೆಲಸ ನೀರಿನಲ್ಲಿ ಹೋಮ. ದುಬಾರಿ ತಂತ್ರಾಂಶದ ಕಳ್ಳ ಪ್ರತಿಯನ್ನು ಯಾರಾದರೂ “ನಾನು ಹಾಕಿ ಕೊಡ್ತೇನೆ ಅಕ್ಕಾ” ಅಂದರೆ ಒಪ್ಪಬೇಡಿ. ಅದರ ಜೊತೆ ವೈರಸ್ ಬಂದರೆ ಅದೇ ಕಂಪ್ಯೂಟರಿನಲ್ಲಿರುವ ಉಳಿತಾಯ-ಸಾಲದ ಲೆಕ್ಕವೂ ಹೋದೀತು. ತಂತ್ರಾಂಶ ಮಾಡಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಸಿನಿಮಾ ಹಾಡು ಹಾಕಲು ಅದರ ಹಕ್ಕುದಾರರ ಅನುಮತಿ ಬೇಕು. ಸಂಘದವರು ಹಾಡುವ ಸೋಬಾನೆ ಪದವನ್ನೇ ರೆಕಾರ್ಡ್ ಮಾಡಿ ಹಾಕಿ. ಮುಖ್ಯವಾಗಿ, ಮನೆಯ ಜಗಳ, ಸಾಲ, ಕಾಯಿಲೆಯ ಬಗ್ಗೆ ಮಾತಾಡಿದವಳಿಗೆ ಪೂರ್ತಿಯಾದ ಚಿತ್ರವನ್ನು ಮೊದಲು ತೋರಿಸಿ. ಅವಳು ಬೇಡ ಅಂದ ಭಾಗ ಎಷ್ಟೇ ಚೆನ್ನಾಗಿದ್ದರೂ ತೆಗೆಯಲೇಬೇಕು.

ಸಭೆಯಲ್ಲಿ ಚರ್ಚಿಸಿರಿ:
ನಮ್ಮ ಊರಿನಲ್ಲಿ ಯಾವ ವಿಷಯದ ಬಗ್ಗೆ ಐದು ನಿಮಿಷದ ಚಿತ್ರ ಆಗಬೇಕು? ಅದನ್ನು ಯಾರು ನೋಡಬೇಕು, ಪಂಚಾಯತಿನವರಾ, ಬ್ಯಾಂಕಿನವರಾ, ನಮ್ಮ ಮನೆಯವರಾ?
ಎಡಿಟಿಂಗ್ ಕಲಿಯಲು ಸಂಘದಿಂದ ಯಾವ ಇಬ್ಬರು ತಯಾರಿದ್ದಾರೆ? ಕಾಲೇಜಿಗೆ ಹೋಗುವ ಮಗಳನ್ನು ಸಹಾಯಕ್ಕೆ ಕರೆಯಿರಿ, ಆದರೆ ಮೌಸ್ ನಿಮ್ಮ ಕೈಯಲ್ಲೇ ಇರಲಿ.