ಕೊಚ್ಚಿ, ತಿರುವನಂತಪುರ ಮತ್ತು ಒಂದು ಅತಿಪರವಲಯ: ಎಂಜಿನಿಯರಿಂಗ್ ಮಕ್ಕಳಿಗೆ ಕಿವಿಮಾತು

ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಕಲಿತು, ಎಂಜಿನಿಯರಿಂಗ್ ಓದಲು ಕೊಚ್ಚಿಗೋ ತಿರುವನಂತಪುರಕ್ಕೋ ಹೋಗುವ ಮಕ್ಕಳೇ, ಅತಿಪರವಲಯ ಎಂದೊಡನೆ ಸೂತ್ರ ಹುಡುಕಬೇಡಿ. ಆ ಎರಡು ಊರುಗಳನ್ನೇ ನಾಭಿಗಳಾಗಿಟ್ಟುಕೊಂಡು ಒಮ್ಮೆ ಕೈಯಾರೆ ಬಿಡಿಸಿ. ಒಂದೇ ಮಾತು ನೆನಪಿಡಿ: ರೇಖೆಯ ಮೇಲೆ ಎಲ್ಲಿ ನಿಂತು ಅಳೆದರೂ ಎರಡು ನಾಭಿಗಳಿಗಿರುವ ದೂರಗಳ ವ್ಯತ್ಯಾಸ ಬದಲಾಗದು.

• ಮೊದಲು ಅಳತೆ ಗೊತ್ತುಮಾಡಿಕೊಳ್ಳಿ. ಎರಡು ಊರುಗಳ ನಡುವಿನ ನೇರ ದೂರ ಸುಮಾರು 175 ಕಿ.ಮೀ. ರೈಲು ಸುತ್ತಿ ಹೋಗುತ್ತದೆ, ಟಿಕೆಟಿನಲ್ಲಿರುವ ದೂರ ಇಲ್ಲಿ ಬೇಡ. 10 ಕಿ.ಮೀ.ಗೆ 1 ಸೆಂ.ಮೀ. ಹಿಡಿದರೆ ಹಾಳೆಯ ಮೇಲೆ 17.5 ಸೆಂ.ಮೀ.

• ವ್ಯತ್ಯಾಸಕ್ಕೆ ಅರ್ಥವಿರುವ ಸಂಖ್ಯೆಯನ್ನೇ ಆರಿಸಿ. ತುಲಾವರ್ಷದ ಒಂದು ಸಂಜೆ ಮಿಂಚು ಹೊಡೆಯಿತು, ಅದರ ರೇಡಿಯೊ ಅಲೆ ತಿರುವನಂತಪುರಕ್ಕಿಂತ 250 ಮೈಕ್ರೋಸೆಕೆಂಡ್ ಮೊದಲು ಕೊಚ್ಚಿಗೆ ಮುಟ್ಟಿತು ಎನ್ನೋಣ. ಆ ಅಲೆ ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತದೆ. ಅಂದರೆ ವ್ಯತ್ಯಾಸ 75 ಕಿ.ಮೀ., ಹಾಳೆಯಲ್ಲಿ 7.5 ಸೆಂ.ಮೀ. ಮಿಂಚು ಹೊಡೆದ ಜಾಗ ನೀವು ಬಿಡಿಸುವ ರೇಖೆಯ ಮೇಲೆಯೇ ಎಲ್ಲೋ ಇದೆ.

• ವ್ಯತ್ಯಾಸ ಯಾವಾಗಲೂ ನಾಭಿಗಳ ನಡುವಿನ ದೂರಕ್ಕಿಂತ ಕಡಿಮೆ ಇರಲಿ. ಹೆಚ್ಚಾದರೆ ರೇಖೆಯೇ ಹುಟ್ಟದು. ಸೊನ್ನೆಯಾದರೆ ಮಾವೇಲಿಕ್ಕರ, ಪಂದಳಂ ನಡುವೆ ಹಾಯುವ ಲಂಬಾರ್ಧಕ ಸಿಗುತ್ತದೆ, ಅದು ಬರೀ ಸರಳರೇಖೆ.

• ಶೃಂಗವನ್ನು ಮೊದಲೇ ಗುರುತಿಸಿ. 17.5ರಲ್ಲಿ 7.5 ಕಳೆದು ಅರ್ಧ ಮಾಡಿದರೆ 5. ಕೊಚ್ಚಿಯಿಂದ ಅಕ್ಷದ ಮೇಲೆ 5 ಸೆಂ.ಮೀ. ಬಂದರೆ ಕುಮರಕಂ ಆಸುಪಾಸು, ಅದೇ ಶೃಂಗ.

• ಎ3 ಹಾಳೆಯಲ್ಲಿ ಅಕ್ಷವನ್ನು 29.7 ಸೆಂ.ಮೀ. ಇರುವ ಅಗಲದ ಕಡೆಗೆ ಎಳೆಯಿರಿ. ರೇಖೆ ಎರಡೂ ಬದಿಗೆ ಹರಡುವುದರಿಂದ ಅದಕ್ಕೆ 42 ಸೆಂ.ಮೀ. ಉದ್ದವೇ ಬೇಕು.

• ಕಂಸಗಳನ್ನು ಜೋಡಿಯಾಗಿ ಹಾಕಿ: ಕೊಚ್ಚಿಯಿಂದ 6, ತಿರುವನಂತಪುರದಿಂದ 13.5. ಆಮೇಲೆ 7 ಮತ್ತು 14.5, 10 ಮತ್ತು 17.5. ಪ್ರತಿ ಜೋಡಿಯೂ ಅಕ್ಷದ ಆಚೆಗೊಂದು ಈಚೆಗೊಂದು ಬಿಂದು ಕೊಡುತ್ತದೆ. ಜೋಡಿಗಳನ್ನು ಮೊದಲೇ ಪಟ್ಟಿ ಮಾಡಿಟ್ಟುಕೊಂಡರೆ ನಡುವೆ ಗಲಿಬಿಲಿಯಾಗದು.

• ಮಾಮೂಲಿ ಕೈವಾರ ಅಷ್ಟು ಅಗಲಕ್ಕೆ ತೆರೆಯದಿದ್ದರೆ ದಪ್ಪ ರಟ್ಟಿನ ಪಟ್ಟಿ ಕತ್ತರಿಸಿ, ಅರ್ಧ ಸೆಂ.ಮೀ.ಗೊಂದು ತೂತು ಚುಚ್ಚಿ. ಒಂದು ತೂತಿಗೆ ಗುಂಡುಸೂಜಿ, ಇನ್ನೊಂದಕ್ಕೆ ಚೂಪು ಮಾಡಿದ 2ಎಚ್ ಪೆನ್ಸಿಲ್. ಕೆಲಸ ನಡೆಯುತ್ತದೆ.

• ಶೃಂಗದ ಹತ್ತಿರ ಎರಡು ಕಂಸಗಳು ಒಂದನ್ನೊಂದು ಸವರಿಕೊಂಡು ಹೋಗುತ್ತವೆ, ಛೇದ ಎಲ್ಲಿ ಎಂದು ಕಣ್ಣಿಗೆ ತಿಳಿಯದು. ಅಲ್ಲಿ ಗೆರೆ ತೆಳ್ಳಗಿರಲಿ, ಬಿಂದುಗಳು ಒತ್ತೊತ್ತಾಗಿರಲಿ.

• ಬಿಂದುಗಳನ್ನು ಅಂದಾಜಿನಲ್ಲಿ ಸೇರಿಸಬೇಡಿ. ಬಿಂದುವಿನಿಂದ ಎರಡೂ ನಾಭಿಗಳಿಗೆ ಗೆರೆ ಎಳೆದು, ನಡುವಿನ ಕೋನವನ್ನು ಅರ್ಧಿಸಿ. ಆ ಅರ್ಧಕವೇ ಅಲ್ಲಿನ ಸ್ಪರ್ಶಕ. ರೇಖೆ ಯಾವ ಕಡೆ ಬಾಗಬೇಕೆಂದು ಅದು ತೋರಿಸುತ್ತದೆ.

• ಒಂದೇ ಎಳೆತದಲ್ಲಿ ಬಿಡಿಸುವ ಆಸೆಯಿದ್ದರೆ ಸ್ಕೇಲು, ದಾರ ಸಾಕು. 30 ಸೆಂ.ಮೀ. ಸ್ಕೇಲಿನ ಸೊನ್ನೆಯ ತುದಿ ತಿರುವನಂತಪುರದಲ್ಲಿ ತಿರುಗುವಂತಿರಲಿ. 22.5 ಸೆಂ.ಮೀ. ದಾರದ ಒಂದು ತುದಿ ಸ್ಕೇಲಿನ ಇನ್ನೊಂದು ಕೊನೆಗೆ, ಮತ್ತೊಂದು ತುದಿ ಕೊಚ್ಚಿಗೆ. ಪೆನ್ಸಿಲಿನಿಂದ ದಾರವನ್ನು ಸ್ಕೇಲಿಗೆ ಒತ್ತಿ ಬಿಗಿಯಾಗಿ ಹಿಡಿದು ಸ್ಕೇಲು ತಿರುಗಿಸಿ. 30ಕ್ಕೂ 22.5ಕ್ಕೂ ಇರುವ ಅಂತರ ಅದೇ 7.5. ಹಿಗ್ಗುವ ದಾರವನ್ನು ಮಾತ್ರ ತರಬೇಡಿ.

• ಎರಡನೇ ಶಾಖೆ ಬಿಡಿಸುವಾಗ ಯೋಚಿಸಿ. ಅಲೆ ಮೊದಲು ಕೊಚ್ಚಿಗೆ ಮುಟ್ಟಿದ್ದರೆ ಕೊಚ್ಚಿ ಕಡೆಯ ಶಾಖೆ ಮಾತ್ರ ನಿಜ. ಕೊಟ್ಟಾರಕ್ಕರ ಆಸುಪಾಸಿನಲ್ಲಿ ಶೃಂಗವಿರುವ ಇನ್ನೊಂದು ಶಾಖೆ, ತಿರುವನಂತಪುರಕ್ಕೆ ಮೊದಲು ಮುಟ್ಟಿದಾಗಿನದು.

• ಎರಡು ಕೇಂದ್ರಗಳಿಂದ ರೇಖೆ ಸಿಗುತ್ತದೆ, ಜಾಗ ಸಿಗದು. ಮೂರನೆಯದನ್ನು ಊರಿನ ಪ್ರೀತಿಗೆ ಕಾಸರಗೋಡಿನಲ್ಲಿ ಇಡಬೇಡಿ. ಮೂರೂ ಹೆಚ್ಚುಕಡಿಮೆ ಒಂದೇ ಕರಾವಳಿ ಸಾಲಿನಲ್ಲಿ ನಿಂತರೆ ಮಿಂಚು ಅರಬ್ಬಿ ಸಮುದ್ರದಲ್ಲೋ ಘಟ್ಟದಲ್ಲೋ ಹೇಳುವುದು ಕಷ್ಟ. ಮಧುರೈ ಒಳ್ಳೆಯ ಆಯ್ಕೆ. ಎರಡನೇ ಮಹಾಯುದ್ಧದ ಲೋರಾನ್ ವ್ಯವಸ್ಥೆಯಲ್ಲಿ ಹಡಗಿನವರು ತಮ್ಮ ಜಾಗ ಕಂಡುಕೊಂಡದ್ದು ಇಂಥ ರೇಖೆಗಳಿಂದಲೇ. ಪುಣೆಯ ಐಐಟಿಎಂನ ‘ದಾಮಿನಿ’ ಆ್ಯಪ್ ಮಿಂಚಿನ ಜಾಗ ತೋರಿಸುವುದರ ಹಿಂದೆಯೂ ಅಲೆ ತಲುಪಿದ ಹೊತ್ತಿನ ಲೆಕ್ಕವೇ ಇದೆ.

• ಕೊನೆಗೆ ತಾಳೆ ನೋಡಿ. ಕೊಚ್ಚಿಯಲ್ಲಿ ಅಕ್ಷಕ್ಕೆ ಲಂಬ ಎಳೆದರೆ ಅದು ರೇಖೆಯನ್ನು ಸುಮಾರು 16.7 ಸೆಂ.ಮೀ. ದೂರದಲ್ಲಿ ಮುಟ್ಟಬೇಕು.

ನೋಡಲು ಅಂದವಾಗಿದ್ದ ಮಾತ್ರಕ್ಕೆ ರೇಖೆ ಸರಿ ಎನ್ನಲಾಗದು. ಹಾಳೆ ಒಪ್ಪಿಸುವ ಮೊದಲು ಬೇಕಾದ ಮೂರು ಕಡೆ ಅಳೆಯಿರಿ. ಮೂರೂ ಕಡೆ ವ್ಯತ್ಯಾಸ 7.5 ಬಂದರೆ ಧೈರ್ಯವಾಗಿ ಹೆಸರು ಬರೆದು ಕೊಡಿ.