ದಾರಿ ನೋಡಿ ಬ್ರೇಕ್ ಪ್ಯಾಡ್ ಆರಿಸು

ತಮ್ಮಾ, ಗೆಳೆಯರ ಜೊತೆ ಶಿಕಾರಿಪುರದಿಂದ ಸೈಕಲ್ ಹತ್ತಿ ಶಿರಾಳಕೊಪ್ಪ, ಸೊರಬದ ಮೇಲೆ ಚಂದ್ರಗುತ್ತಿಗೆ ಹೋಗಿಬರಬೇಕು ಅಂತಿದ್ದೀಯ. ಹೋಗು. ತಾಳಗುಂದದ ಕದಂಬರ ಕಂಬಶಾಸನ, ಬಳ್ಳಿಗಾವಿಯ ಕೇದಾರೇಶ್ವರ ಗುಡಿ, ಗುಡವಿಯ ಹಕ್ಕಿಗಳು ಎಲ್ಲವೂ ಆ ಸುತ್ತಿನಲ್ಲೇ ಸಿಗುತ್ತವೆ. ಟೈರು, ಹೆಲ್ಮೆಟ್ಟು ಎರಡನ್ನೂ ವಿಚಾರಿಸಿ ತಂದವನು, ಡಿಸ್ಕ್ ಬ್ರೇಕಿನ ಪ್ಯಾಡಿನ ಮಾತು ಬಂದಾಗ ಮಾತ್ರ ‘ಯಾವುದಾದರೂ ಆದೀತು’ ಅಂದುಬಿಟ್ಟೆ. ಹಾಗೆ ಆಗುವುದಿಲ್ಲ. ಪ್ಯಾಡನ್ನು ಬೆಲೆ ನೋಡಿ, ಹೆಸರು ನೋಡಿ ಕೊಳ್ಳುವುದಲ್ಲ. ಹೋಗುವ ದಾರಿಯನ್ನೂ ಕಾಲವನ್ನೂ ನೋಡಿ ಕೊಳ್ಳಬೇಕು.

ಮೊದಲು ಹಳೆಯದನ್ನು ನೋಡು. ಚಕ್ರ ಬಿಚ್ಚಿ, ಪ್ಯಾಡ್ ಹೊರಗೆ ತೆಗೆದು ಬೆಳಕಿಗೆ ಹಿಡಿ. ಹಿಂದಿನದು ಲೋಹದ ತಗಡು, ಅದರ ಮೇಲೆ ಅಂಟಿರುವುದೇ ಉಜ್ಜುವ ಪದರ. ಬ್ರೇಕ್ ತಯಾರಿಸುವ ಶಿಮಾನೊ ಕಂಪನಿಯವರು ಈ ಪದರ 0.5 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು ಅನ್ನುತ್ತಾರೆ. ದೂರ ಹೋಗುವವನು ಅಲ್ಲಿಯವರೆಗೆ ಕಾಯಬೇಡ, 1 ಮಿ.ಮೀ.ಗಿಂತ ಕಡಿಮೆ ಕಂಡರೆ ಈಗಲೇ ಬದಲಿಸು. ಒಂದು ಪ್ಯಾಡ್ ಸವೆದು ಇನ್ನೊಂದು ದಪ್ಪ ಉಳಿದಿದ್ದರೆ ಪ್ಯಾಡುಗಳು ಕೂರುವ ಕ್ಯಾಲಿಪರ್ ನೇರ ಕೂತಿಲ್ಲ, ಇಲ್ಲವೇ ಅವನ್ನು ಒತ್ತುವ ಒಂದು ಪಿಸ್ಟನ್ ಸಿಕ್ಕಿಕೊಂಡಿದೆ. ಅದನ್ನು ಸರಿಮಾಡದೆ ಹೊಸದು ಹಾಕಿದರೆ ದಂಡ.

ಅಂಗಡಿಗೆ ಹೋಗುವಾಗ ಹಳೆಯ ಪ್ಯಾಡ್ ಜೇಬಿನಲ್ಲಿರಲಿ. ಒಂದೇ ಕಂಪನಿಯ ಬ್ರೇಕುಗಳಲ್ಲೂ ಪ್ಯಾಡಿನ ಆಕಾರ ಬೇರೆ ಬೇರೆ ಇರುತ್ತದೆ, ಬಾಯಿಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ಡಿಸ್ಕಿನ ಮೇಲೆ ಏನು ಕೊರೆದಿದೆ ಅಂತಲೂ ಓದಿಕೊಂಡು ಹೋಗು. ‘ರೆಸಿನ್ ಪ್ಯಾಡ್ ಓನ್ಲಿ’ ಅಂತಿದ್ದರೆ ಅದಕ್ಕೆ ಮೆಟಲ್ ಪ್ಯಾಡ್ ಹಾಕಲೇಬೇಡ. ಆ ಡಿಸ್ಕಿನ ಉಕ್ಕು ಮೆತ್ತಗಿನದು, ಬೇಗ ತಿಂದುಹೋಗುತ್ತದೆ.

ಇನ್ನು ಪ್ಯಾಡಿನ ಜಾತಿಯ ಮಾತು. ಆರ್ಗ್ಯಾನಿಕ್ ಅಂತಲೂ ಕರೆಯುವ ರೆಸಿನ್ ಪ್ಯಾಡ್ ಸದ್ದು ಕಡಿಮೆ ಮಾಡುತ್ತದೆ, ಬೆಳಗಿನ ತಂಪಿನಲ್ಲೂ ಲಿವರ್ ಮುಟ್ಟಿದ ಕೂಡಲೇ ಹಿಡಿಯುತ್ತದೆ. ಆದರೆ ಕೆಸರಿನಲ್ಲಿ ಬೇಗ ಕರಗುತ್ತದೆ, ಬಿಸಿ ಏರಿದರೆ ಹಿಡಿತ ಬಿಡುತ್ತದೆ. ಲೋಹದ ಪುಡಿಯನ್ನು ಒತ್ತಿ, ಕಾಯಿಸಿ ಮಾಡಿದ ಮೆಟಲ್ ಪ್ಯಾಡ್, ಅಂದರೆ ಸಿಂಟರ್ಡ್ ಪ್ಯಾಡ್, ಬಿಸಿಗೂ ಕೆಸರಿಗೂ ಜಗ್ಗುವುದಿಲ್ಲ, ಹೆಚ್ಚು ಕಾಲ ಬಾಳುತ್ತದೆ. ಒದ್ದೆಯಾದಾಗ ಕಿರುಚುತ್ತದೆ, ಸ್ವಲ್ಪ ಬಿಸಿಯಾದ ಮೇಲೇ ಪೂರ್ತಿ ಹಿಡಿಯುತ್ತದೆ.

ನಮ್ಮ ಸೀಮೆಯ ನೆಲ ನಿನಗೆ ಗೊತ್ತೇ ಇದೆ. ಸೊರಬ ದಾಟಿದರೆ ಜಂಬಿಟ್ಟಿಗೆಯ ಕೆಂಪು ಮಣ್ಣು. ಮಳೆಗಾಲದಲ್ಲಿ ಅದು ರಾಡಿಯಾಗಿ ಡಿಸ್ಕಿಗೆ ಮೆತ್ತಿಕೊಂಡರೆ, ಅದರೊಳಗಿನ ಸಣ್ಣ ಹರಳು ಉಪ್ಪುಕಾಗದದ ಹಾಗೆ ಪ್ಯಾಡನ್ನು ತೇಯುತ್ತದೆ. ಆಗ ನಿನ್ನ ಡಿಸ್ಕ್ ಮೆಟಲ್ ಪ್ಯಾಡನ್ನು ತಡೆಯುವಂಥದಾದರೆ ಸಿಂಟರ್ಡ್ ಹಾಕು. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ, ಚಂದ್ರಗುತ್ತಿಯವರೆಗಿನ ಏರಿಳಿತಕ್ಕೆ ರೆಸಿನ್ ಸಾಕು, ಸದ್ದೂ ಇರುವುದಿಲ್ಲ. ಸಿದ್ದಾಪುರಕ್ಕೆ ಹೊರಳಿ ದೊಡ್ಡಮನೆ ಘಾಟಿ ಇಳಿದು ಕುಮಟಾ ನೋಡುವ ಆಸೆಯಿದ್ದರೆ ಲೆಕ್ಕ ಬೇರೆ. ನೀನೂ ಸೈಕಲ್ಲೂ ಸೇರಿ 85 ಕೆ.ಜಿ. ಅಂದುಕೋ. 300 ಮೀಟರ್ ಎತ್ತರ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಬರಿಸಬಲ್ಲದು. ಗಾಳಿ ಒಂದಿಷ್ಟು ಹೊತ್ತರೂ ಮಿಕ್ಕದ್ದನ್ನು ಆ ಪುಟ್ಟ ಪ್ಯಾಡುಗಳೇ ತಾಳಬೇಕು. ಅಲ್ಲಿ ಮೆಟಲ್ ಇರಲಿ. ಉದ್ದಕ್ಕೂ ಲಿವರ್ ಒತ್ತಿಕೊಂಡೇ ಇಳಿಯಬೇಡ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿ, ಆಮೇಲೆ ಬಿಡು, ಆರಲಿ.

ಹಾಕುವ ಕ್ರಮವೂ ಮುಖ್ಯ. ಹಳೆಯ ಪ್ಯಾಡ್ ಒಳಗಿರುವಾಗಲೇ ಪ್ಲಾಸ್ಟಿಕ್ ಟೈರ್ ಲಿವರಿನಿಂದ ಪಿಸ್ಟನ್‌ಗಳನ್ನು ನಿಧಾನಕ್ಕೆ ಹಿಂದೆ ತಳ್ಳು. ಪ್ಯಾಡ್ ತೆಗೆದ ಮೇಲೆ ಅಪ್ಪಿತಪ್ಪಿಯೂ ಬ್ರೇಕ್ ಒತ್ತಬೇಡ, ಪಿಸ್ಟನ್ ಹೊರಕ್ಕೆ ಬಂದೀತು. ಹೊಸದರ ಮೈಗೆ ಬೆರಳು ತಾಗಿಸಬೇಡ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಶುಭ್ರ ಬಟ್ಟೆಯಿಂದ ಒರೆಸು. ಕಿರುಚುತ್ತದೆ ಅಂತ ಯಾರಾದರೂ ಎಣ್ಣೆ ಬಿಡಲು, ಸೀಮೆಎಣ್ಣೆಯಲ್ಲಿ ತೊಳೆಯಲು ಹೇಳಿದರೆ ಕೇಳಲೇಬೇಡ. ಎಣ್ಣೆ ಕುಡಿದ ಪ್ಯಾಡ್ ಮತ್ತೆ ನಂಬಿಕೆಗೆ ಬರುವುದಿಲ್ಲ, ಎಸೆಯುವುದೇ ಸರಿ.

ಹೊಸ ಪ್ಯಾಡ್ ಹಾಕಿದ ದಿನವೇ ಪ್ರಯಾಣ ಹೊರಡಬೇಡ. ಊರಾಚೆ ಖಾಲಿ ರಸ್ತೆಯಲ್ಲಿ ಒಂದಿಷ್ಟು ವೇಗ ಹಿಡಿದು, ಚಕ್ರ ಜಾರದಂತೆ ಬ್ರೇಕ್ ಒತ್ತಿ ನಡಿಗೆಯ ವೇಗಕ್ಕೆ ತಾ. ಪೂರ್ತಿ ನಿಲ್ಲಿಸಬೇಡ, ಮತ್ತೆ ತುಳಿ. ಹೀಗೆ 20–30 ಸಲ ಆದರೆ ಪ್ಯಾಡಿನ ತೆಳುವಾದ ಪದರ ಡಿಸ್ಕಿನ ಮೇಲೆ ಸಮನಾಗಿ ಕೂರುತ್ತದೆ, ಹಿಡಿತ ಗಟ್ಟಿಯಾಗುತ್ತದೆ. ನಿನ್ನ ಅಳತೆಯ ಪ್ಯಾಡ್ ದಾರಿಯ ಊರುಗಳಲ್ಲಿ ಸಿಗುತ್ತದೆಂಬ ಭರವಸೆ ಬೇಡ. ಇನ್ನೊಂದು ಜೊತೆ ಚೀಲದಲ್ಲಿರಲಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಟೈರು ಕೈಕೊಟ್ಟರೆ ತೊಂದರೆ ನಿನಗೊಬ್ಬನಿಗೆ. ಬ್ರೇಕ್ ಕೈಕೊಟ್ಟರೆ ಶಾಲೆ ಬಿಟ್ಟು ಬರುವ ಮಗುವಿಗೆ, ತಿರುವಿನಲ್ಲಿ ಅಡ್ಡಬಂದ ದನಕ್ಕೆ, ಹುಲ್ಲುಹೊರೆ ಹೊತ್ತ ಅಜ್ಜಿಗೆ ಪೆಟ್ಟು. ಆ ದಾರಿ ಅವರದ್ದು, ನಾವು ಹಾದುಹೋಗುವವರು. ನಾಳೆಯೇ ಚಕ್ರ ಬಿಚ್ಚಿ ಪ್ಯಾಡ್ ನೋಡು. ನೋಡಿದ ಮೇಲೆ ಏನು ಕಂಡಿತು ಅಂತ ನನಗೊಂದು ಮಾತು ತಿಳಿಸು.